ಹಲ್ಲಿಯ ಗಾಜಿನ ಪೆಟ್ಟಿಗೆಯಲ್ಲಿ ನೊಣದ ಕಾಟ: ಮೊದಲು ಯಾವ ನೊಣ ಅಂತ ನೋಡಿ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳ ಹಟಕ್ಕೆ ಎಂಟು ತಿಂಗಳ ಹಿಂದೆ ಕ್ರೆಸ್ಟೆಡ್ ಗೆಕ್ಕೊ ಅನ್ನುವ ಒಂದು ಸಾಕು ಹಲ್ಲಿ ತಂದೆವು. 18 ಇಂಚು ಅಗಲ, 24 ಇಂಚು ಎತ್ತರದ ಗಾಜಿನ ಪೆಟ್ಟಿಗೆ. ತಳದಲ್ಲಿ ತೆಂಗಿನ ನಾರಿನ ಪುಡಿ, ಎರಡು ನಿಜವಾದ ಗಿಡ. ದಿನಕ್ಕೆ ಮೂರು ಸಲ ನೀರು ಸಿಂಪಡಿಸುತ್ತೇವೆ. ಒಂದು ತಿಂಗಳಿಂದ ಸಣ್ಣ ಕಪ್ಪು ನೊಣಗಳು ಶುರುವಾಗಿವೆ. ಮೊದಲು ಪೆಟ್ಟಿಗೆಯಲ್ಲಿ ಮಾತ್ರ ಇದ್ದವು. ಈಗ ಸಂಜೆ ದೇವರ ದೀಪದ ಹತ್ತಿರ, ಕಾಫಿ ಲೋಟದಲ್ಲಿ, ಎಲ್ಲೆಲ್ಲೂ. ಪಕ್ಕದಲ್ಲಿ ವಿನೆಗರ್ ಬಟ್ಟಲು ಇಟ್ಟೆ, ಒಂದೆರಡು ಬಿದ್ದವು ಅಷ್ಟೆ. ಊರಿಂದ ಬಂದಿರುವ ಅತ್ತೆ ಬೇವಿನೆಣ್ಣೆ ಹೊಡಿ, ಧೂಪ ಹಾಕು ಅನ್ನುತ್ತಾರೆ. ನಮ್ಮವರು ಹಳದಿ ಅಂಟಿನ ಕಾರ್ಡನ್ನು ಪೆಟ್ಟಿಗೆ ಒಳಗೇ ನೇತುಹಾಕೋಣ ಅನ್ನುತ್ತಾರೆ. ಯಾರ ಮಾತು ಕೇಳಲಿ? ಹಲ್ಲಿಗೆ ಏನಾದರೂ ಆಗುತ್ತಾ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಬೇವಿನೆಣ್ಣೆ, ಧೂಪ ಎರಡನ್ನೂ ಹಲ್ಲಿ ಇರುವ ಕೋಣೆಯಿಂದ ದೂರ ಇಡಿ. ಹಳದಿ ಕಾರ್ಡ್ ಬೇಕು, ಆದರೆ ಪೆಟ್ಟಿಗೆಯ ಹೊರಗೆ. ಹಲ್ಲಿಗೆ ಈ ನೊಣಗಳಿಂದ ನೇರವಾಗಿ ಏನೂ ಆಗುವುದಿಲ್ಲ, ಗಾಬರಿಯಾಗಬೇಡಿ. ಆದರೆ ನೊಣ ಬರಲು ಕಾರಣವಾದದ್ದು ಮುಂದೆ ಹಲ್ಲಿಗೂ ತೊಂದರೆ ಕೊಡಬಹುದು.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ವಿನೆಗರ್‌ಗೆ ಬೀಳಲಿಲ್ಲ, ದೀಪಕ್ಕೆ ಬಂದವು ಅಂದಿರಿ. ಹಣ್ಣಿನ ಬುಟ್ಟಿಯ ಮೇಲೆ ಏಳುವ ನೊಣವಾಗಿದ್ದರೆ ವಿನೆಗರ್ ಬಟ್ಟಲು ಒಂದೇ ರಾತ್ರಿಯಲ್ಲಿ ತುಂಬುತ್ತಿತ್ತು. ಬೆಳಕಿಗೆ ಬಂದು, ಕಿಟಕಿಯ ಗಾಜಿಗೆ ಅಂಟಿಕೊಂಡು, ಹಾರಲು ಬಾರದವರ ಹಾಗೆ ತೂರಾಡುವುದು ಬೇರೆ ಜಾತಿ. ಇಂಗ್ಲಿಷ್‌ನಲ್ಲಿ ಫಂಗಸ್ ನ್ಯಾಟ್ ಅನ್ನುತ್ತಾರೆ. ನಮ್ಮಲ್ಲಿ ಇಂಥ ಪುಟ್ಟ ನೊಣಕ್ಕೆಲ್ಲ ನೊರಜು ಅನ್ನುವುದು ರೂಢಿ, ನಾನೂ ಹಾಗೇ ಕರೆಯುತ್ತೇನೆ. ಊರಿನಲ್ಲಿ ಅಣಬೆ ಬೆಳೆಯುವವರು ಯಾರಾದರೂ ಗೊತ್ತಿದ್ದರೆ ಕೇಳಿ ನೋಡಿ, ಅವರ ಶೆಡ್ಡಿನ ದೊಡ್ಡ ತಲೆನೋವು ಇದೇ. ಹೆಸರೇ ಹೇಳುವಂತೆ ಇದರ ಮರಿಹುಳಕ್ಕೆ ಬೇಕಾದದ್ದು ಬೂಷ್ಟು ಮತ್ತು ಕೊಳೆತ ಎಲೆ, ಅದೂ ಒದ್ದೆಯಾಗಿರಬೇಕು.

ಆದರೂ ನನ್ನ ಊಹೆಯನ್ನು ನಂಬಿ ಕೂರಬೇಡಿ, ಒಂದು ನೊಣ ಹಿಡಿದು ನೋಡಿ. ಬಿಳಿ ಹಾಳೆಯ ಮೇಲೆ ಹಾಕಿ, ಮೊಬೈಲ್ ಕ್ಯಾಮೆರಾ ದೊಡ್ಡದು ಮಾಡಿ. ಎರಡು–ಮೂರು ಮಿಲಿಮೀಟರ್ ಉದ್ದ, ಕಪ್ಪು, ಸಣಕಲು, ಉದ್ದ ಕಾಲು, ಸೊಳ್ಳೆಯ ತಮ್ಮನ ಹಾಗಿದ್ದರೆ ನೊರಜು. ರೆಕ್ಕೆಯಲ್ಲಿ ಕವೆಕೋಲಿನ ಹಾಗೆ ಸೀಳಿದ ಒಂದು ನರ ಕಾಣುತ್ತದೆ. ಕಂದು ಬಣ್ಣ, ಗುಂಡು ಮೈ, ಕೆಂಪು ಕಣ್ಣು ಇದ್ದರೆ ಡ್ರೊಸೊಫಿಲ, ಅಂದರೆ ಹಣ್ಣಿನ ನೊಣ. ಬೆನ್ನು ಗೂನಾಗಿ, ಓಡಿಸಿದರೆ ಹಾರುವ ಬದಲು ಗಾಜಿನ ಮೇಲೆ ಸರಕ್ಕನೆ ಓಡಿ, ನಿಂತು, ಮತ್ತೆ ಓಡಿದರೆ ಅದು ಫೋರಿಡ್, ಗೂನು ನೊಣ. ಅದು ಬಂದಿದೆ ಅಂದರೆ ಒಳಗೆ ಎಲ್ಲೋ ಏನೋ ಸತ್ತಿದೆ. ಹಲ್ಲಿ ತಿನ್ನದೆ ಬಿಟ್ಟ ಜೀರುಂಡೆ ನೀರಿನ ಬಟ್ಟಲಿನ ಹಿಂದೆ ಬಿದ್ದು ಕೊಳೆಯುತ್ತಿರಬಹುದು. ಮೈಮೇಲೆ ರೋಮ, ಮಡಿಸಿದ ರೆಕ್ಕೆ ಹೃದಯದ ಆಕಾರ, ಇದು ಬಚ್ಚಲ ಮೋರಿಯ ನೊಣ. ಅದು ತಳದಲ್ಲಿ ನಿಂತ ನೀರಿನ ಗುರುತು.

ಒಂದು ಮಾತು. 'ಹಣ್ಣಿನ ನೊಣ' ಅಂತ ಊರಿಗೆ ಫೋನ್ ಮಾಡಿ ಕೇಳಿದರೆ ಮಾವಿನ ತೋಟದವರು ಮೀಥೈಲ್ ಯೂಜೆನಾಲ್ ಬಲೆ ಕಟ್ಟಿ ಅಂತಾರೆ. ಅವರು ಹೇಳುವುದು ಮಾವನ್ನು ಚುಚ್ಚುವ ದೊಡ್ಡ ನೊಣದ ವಿಷಯ. ಆ ಬಲೆಗೆ ಬೀಳುವುದು ಅದರ ಗಂಡುಗಳು. ನಿಮ್ಮ ಮನೆಯ ಯಾವ ನೊಣವೂ ಅದರ ಕಡೆ ತಿರುಗಿ ಕೂಡ ನೋಡುವುದಿಲ್ಲ.

ನೊರಜು ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಲು ಆಲೂಗಡ್ಡೆ ಸಾಕು. ಹಸಿ ಆಲೂಗಡ್ಡೆಯ ಬೆರಳು ದಪ್ಪದ ನಾಲ್ಕು ಬಿಲ್ಲೆ ಮಾಡಿ. ಪೆಟ್ಟಿಗೆಯ ನಾಲ್ಕು ಮೂಲೆಯಲ್ಲಿ ಮಣ್ಣಿಗೆ ಒತ್ತಿ ಇಡಿ. ಮೂರನೇ ದಿನ ಮಗುಚಿ ನೋಡಿ. ದಾರದ ಹಾಗೆ ಬಿಳಿ, ಒಳಗಿನ ಕರುಳು ಕಾಣುವಷ್ಟು ಪಾರದರ್ಶಕ ಮೈ, ಮುಂದೆ ಸಾಸಿವೆಯ ಚೂರಿನ ಹಾಗೆ ಹೊಳೆಯುವ ಕರಿ ತಲೆ. ಅದೇ ಮರಿಹುಳ. ನಿಮ್ಮ ಮಗಳಿಗೆ ಎಣಿಸಲು ಕೊಡಿ, ಮಕ್ಕಳಿಗೆ ಇದು ಬಹಳ ಇಷ್ಟದ ಕೆಲಸ. ಯಾವ ಮೂಲೆಯ ಬಿಲ್ಲೆಗೆ ಜಾಸ್ತಿ ಹತ್ತಿವೆ ಅಂತ ಗುರುತು ಹಾಕಿಕೊಳ್ಳಿ. ನೀರು ಎಲ್ಲಿ ನಿಲ್ಲುತ್ತಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ನೋಡಿದ ಮೇಲೆ ಬಿಲ್ಲೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಹೊರಗೆ ಎಸೆಯಿರಿ. ಹಾಗೇ ಬಿಟ್ಟರೆ ನಾವೇ ಊಟ ಹಾಕಿದ ಹಾಗೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದಿನಕ್ಕೆ ಮೂರು ಸಲ ನೀರು ಅಂದಿರಲ್ಲ, ತಪ್ಪಾಗಿರುವುದು ಅಲ್ಲೇ.

ನಿಮ್ಮ ಹಲ್ಲಿಯ ಊರು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪಗಳು. 1866ರಲ್ಲಿ ವಿಜ್ಞಾನಿಗಳು ಹೆಸರಿಟ್ಟರು, ಆಮೇಲೆ ಅಳಿದೇ ಹೋಯಿತು ಅಂದುಕೊಂಡಿದ್ದರು, 1994ರಲ್ಲಿ ಮತ್ತೆ ಸಿಕ್ಕಿತು. ಇವತ್ತು ಅಮೆರಿಕದಲ್ಲಿ ಮಕ್ಕಳ ಕೋಣೆಗಳಲ್ಲಿ ಕಾಣುತ್ತಿದೆ. ಅಲ್ಲಿ ಅದು ಗಿಡ ಮರಗಳ ಮೇಲೆ ಇರುವ ಪ್ರಾಣಿ. ರಾತ್ರಿ ಎಲೆ ಒದ್ದೆ, ಹಗಲು ಗಾಳಿಗೆ ಆರುತ್ತದೆ. ಎಲೆಯ ಮೇಲಿನ ಹನಿ ನೆಕ್ಕಿ ನೀರು ಕುಡಿಯುತ್ತದೆ. ಅದಕ್ಕೆ ಬೇಕಿರುವುದು ಗಾಳಿಯಲ್ಲಿ ತೇವ, ನೆಲದಲ್ಲಿ ಕೆಸರಲ್ಲ. ಸಾಕುವವರು ಈ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ತೇವಾಂಶದ ಮೀಟರ್ 80 ತೋರಿಸಲಿ ಅಂತ ನೀರು ಹೊಡೆಯುತ್ತಲೇ ಇರುತ್ತಾರೆ. ಮೀಟರ್ ಸರಿ ತೋರಿಸುತ್ತಿರುತ್ತದೆ, ಕೆಳಗೆ ನಾರಿನ ಪುಡಿ ಗದ್ದೆ ಆಗಿರುತ್ತದೆ.

ರಾತ್ರಿ ಮಲಗುವ ಮುಂಚೆ ಒಂದು ಸಲ ಚೆನ್ನಾಗಿ ಸಿಂಪಡಿಸಿ, ಗಾಜು ಮತ್ತು ಎಲೆಗಳ ಮೇಲೆ, ನೆಲಕ್ಕಲ್ಲ. ತೇವಾಂಶ 80ರ ಹತ್ತಿರ ಹೋಗಲಿ. ಬೆಳಿಗ್ಗೆ ತೀರಾ ಒಣಗಿದ್ದರೆ ಒಂದೆರಡು ಸಲ ಪುಸ್ ಅನ್ನಿಸಿ, ಸಾಕು. ಹಗಲಿಡೀ ಅದು ಇಳಿದು 50ರ ಹತ್ತಿರ ಬರಲಿ. ಮುಂದಿನ ನೀರು ಅದಾದ ಮೇಲೆ. ಹೀಗೆ ಏರಿ ಇಳಿಯುವುದು ಹಲ್ಲಿಗೂ ಒಳ್ಳೆಯದು. ಯಾವಾಗಲೂ ತೊಯ್ದ ಪೆಟ್ಟಿಗೆಯಲ್ಲಿ ಚರ್ಮದ ಸೋಂಕು, ಉಸಿರಾಟದ ಸೋಂಕು ಬರುತ್ತವೆ. ಮೊದಲು ಹೇಳಿದ ತೊಂದರೆ ಅಂದರೆ ಇದೇ. ಮೇಲಿನ ಜಾಲರಿಯನ್ನು ತೇವ ಹೋಗದಿರಲಿ ಅಂತ ಪ್ಲಾಸ್ಟಿಕ್‌ನಿಂದ ಪೂರ್ತಿ ಮುಚ್ಚಿದ್ದರೆ ಅರ್ಧ ತೆಗೆಯಿರಿ.

ನೆಲ ಎಷ್ಟು ಒದ್ದೆ ಅಂತ ನೋಡಲು ಮೀಟರ್ ಬೇಡ. ಒಂದು ಹಿಡಿ ನಾರಿನ ಪುಡಿ ತೆಗೆದು ಮುಷ್ಟಿ ಕಟ್ಟಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಜಾಸ್ತಿ ಆಯಿತು. ಉಂಡೆ ಕಟ್ಟಿ, ತಟ್ಟಿದರೆ ಉದುರಿದರೆ ಸರಿ. ನೊರಜಿನ ಮರಿಹುಳಗಳು ಹೆಚ್ಚಾಗಿ ಮೇಲಿನ ಎರಡು ಇಂಚಿನಲ್ಲೇ ಇರುತ್ತವೆ. ಆ ಪದರ ಒಂದಿಷ್ಟು ದಿನ ಒಣಗಿದರೆ ತತ್ತಿಯೂ ನಿಲ್ಲದು, ಮರಿಯೂ ಉಳಿಯದು. ಗಿಡಕ್ಕೆ ನೀರು ಬೇಕಾದರೆ ಬುಡಕ್ಕೆ ಮಾತ್ರ, ಒಂದು ಚಮಚದಲ್ಲಿ ಹಾಕಿ. ತಳದಲ್ಲಿ ಜೇಡಿಮಣ್ಣಿನ ಗೋಲಿಗಳ ಪದರ ಇದ್ದರೆ ಟಾರ್ಚ್ ಬಿಟ್ಟು ನೋಡಿ. ಅದರಲ್ಲಿ ನೀರು ನಿಂತಿದ್ದರೆ ಸಣ್ಣ ಪೈಪ್ ಇಳಿಸಿ, ಇಂಜೆಕ್ಷನ್ ಸಿರಿಂಜಿನಿಂದ ಎಳೆದು ತೆಗೆಯಿರಿ. ಆ ನೀರಿನ ವಾಸನೆ ನೋಡಿದರೆ ಇನ್ನೊಂದು ಸಲ ಯಾರೂ ಮೂರು ಹೊತ್ತು ನೀರು ಹೊಡೆಯುವುದಿಲ್ಲ.

ಬರೀ ಒಣಗಿಸಿದರೆ ಹೋಗುತ್ತಾ? ಸ್ವಲ್ಪ ಇದ್ದರೆ ಹೋಗುತ್ತದೆ. ದೇವರ ದೀಪದ ತನಕ ಬಂದಿವೆ ಅಂದರೆ ಸ್ವಲ್ಪ ಅಲ್ಲ. ಒಂದು ಹೆಣ್ಣು ನೂರಕ್ಕೂ ಹೆಚ್ಚು ತತ್ತಿ ಇಡಬಲ್ಲದು. ನಿಮ್ಮ ಪೆಟ್ಟಿಗೆಯ 24 ಡಿಗ್ರಿಯ ಆಸುಪಾಸಿನಲ್ಲಿ ತತ್ತಿಯಿಂದ ರೆಕ್ಕೆ ಬರುವವರೆಗೆ ಎರಡೂವರೆ ವಾರದಿಂದ ನಾಲ್ಕು ವಾರ. ಹಾರುವ ನೊಣ ಒಂದು ವಾರ ಬದುಕಿದರೆ ಹೆಚ್ಚು. ನಿಮ್ಮ ಕಣ್ಣಿಗೆ ಕಾಣುವುದು ಕೊನೆಯ ವಾರದ ಪ್ರಾಣಿ, ಉಳಿದ ಮಂದಿ ಮಣ್ಣಿನಲ್ಲಿ ಸರದಿಯಲ್ಲಿ ನಿಂತಿದ್ದಾರೆ. ಹಾರುವುದನ್ನು ಎಷ್ಟು ಹೊಡೆದರೂ ಮುಗಿಯದಿರುವುದು ಅದಕ್ಕೇ.

ಮಣ್ಣಿನೊಳಗಿರುವುದಕ್ಕೆ ನನ್ನ ಮೊದಲ ಆಯ್ಕೆ ಬಿಟಿಐ. ಇದು ಒಂದು ಬ್ಯಾಕ್ಟೀರಿಯಾ, ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬುದರ ಚಿಕ್ಕ ಹೆಸರು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೊಳದಲ್ಲಿ ಸೊಳ್ಳೆ ಮರಿಗಳು ರಾಶಿ ರಾಶಿ ಸತ್ತು ತೇಲುತ್ತಿದ್ದವು, ಅಲ್ಲಿ ಸಿಕ್ಕಿದ್ದು. ಅದರೊಳಗೆ ಪ್ರೋಟೀನಿನ ಹರಳುಗಳಿರುತ್ತವೆ. ಸೊಳ್ಳೆ, ನೊರಜುಗಳ ಮರಿಹುಳ ಅದನ್ನು ನುಂಗಿದರೆ, ಅದರ ಕ್ಷಾರದ ಹೊಟ್ಟೆಯಲ್ಲಿ ಹರಳು ಕರಗಿ, ಕರುಳಿನ ಗೋಡೆ ತೂತಾಗುತ್ತದೆ. ನಮ್ಮ ಹೊಟ್ಟೆ, ಹಲ್ಲಿಯ ಹೊಟ್ಟೆ ಹುಳಿ. ಅಲ್ಲಿ ಆ ಹರಳಿನ ಆಟ ನಡೆಯುವುದಿಲ್ಲ. ಪೆಟ್ಟಿಗೆಯಲ್ಲಿ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಮಣ್ಣುಹುಳ ಬಿಟ್ಟಿದ್ದರೆ ಅವಕ್ಕೂ ತೊಂದರೆ ಇಲ್ಲ. ಆದರೆ ಹಣ್ಣಿನ ನೊಣಕ್ಕೆ, ಗೂನು ನೊಣಕ್ಕೆ ಇದು ನಾಟುವುದಿಲ್ಲ. ಮೊದಲು ನೊಣ ಯಾವುದು ಅಂತ ನೋಡಿ ಅಂದದ್ದು ಸುಮ್ನೆ ಅಲ್ಲ.

ನಿಮ್ಮಲ್ಲಿ ಇದು ಗಿಡದ ಅಂಗಡಿಯಲ್ಲೇ ಮಾಸ್ಕಿಟೊ ಬಿಟ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ, ಕಂದು ಬಣ್ಣದ ಕಾಳು ಕಾಳು. ಒಂದು ಗ್ಯಾಲನ್ ನೀರಿಗೆ ನಾಲ್ಕು ದೊಡ್ಡ ಚಮಚದ ಲೆಕ್ಕ. ಒಂದು ಪೆಟ್ಟಿಗೆಗೆ ಅಷ್ಟೆಲ್ಲ ಬೇಡ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಹಾಕಿ, ಅರ್ಧ ಗಂಟೆ ನೆನೆಸಿ. ಟೀ ಸೋಸುವ ಜಾಲರಿಯಲ್ಲಿ ಸೋಸಿ. ಕಾಳುಗಳನ್ನು ಮಾತ್ರ ಪೆಟ್ಟಿಗೆಗೆ ಹಾಕಬೇಡಿ. ಅವು ಮೆಕ್ಕೆಜೋಳದ ದಿಂಡಿನ ತರಿ, ಒದ್ದೆಯಾದರೆ ಮೇಲೆ ಬೂಷ್ಟು ಬರುತ್ತದೆ, ಬೂಷ್ಟೇ ನೊರಜಿನ ಊಟ. ಎಷ್ಟೋ ಜನ ಇಲ್ಲಿ ಎಡವುತ್ತಾರೆ.

'ಒಣಗಿಸಿ ಅಂತ ಹೇಳಿ ಈಗ ನೀರು ಹಾಕಿ ಅಂತೀರಲ್ಲ' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಿಡಕ್ಕೆ ಹೇಗೂ ಹಾಕಬೇಕಾದ ನೀರಿನ ಬದಲು ಇದನ್ನು ಹಾಕಿ ಅಂತ ನನ್ನ ಅರ್ಥ. ಮೇಲಿನ ಪದರ ತುಸು ನೆನೆಯುವಷ್ಟು, ಹೆಚ್ಚೆಂದರೆ ಎರಡು ಲೋಟ. ವಾರಕ್ಕೊಮ್ಮೆ, ಒಂದು ವಾರವೂ ಬಿಡದೆ ನಾಲ್ಕು ವಾರ. ತತ್ತಿಯಾಗಲಿ, ರೆಕ್ಕೆ ಬರುವ ಮುಂಚೆ ಗೂಡಿನಲ್ಲಿ ಕೂತ ಹುಳವಾಗಲಿ ಏನೂ ತಿನ್ನುವುದಿಲ್ಲ, ಹಾಗಾಗಿ ಅವಕ್ಕೆ ಬಿಟಿಐ ತಟ್ಟದು. ತತ್ತಿ ಒಡೆದು ಮರಿ ಬಾಯಿ ಹಾಕುವ ಹೊತ್ತಿಗೆ ಮಣ್ಣಿನಲ್ಲಿ ಮದ್ದು ಇರಬೇಕು. ಎರಡು ವಾರ ಮಾಡಿ 'ಹೋದವು' ಅಂತ ನಿಲ್ಲಿಸಿದವರಿಗೆ ಐದನೇ ವಾರ ಮತ್ತೆ ಶುರುವಾಗುತ್ತದೆ. ನೀರಿನ ಬಟ್ಟಲು, ಊಟದ ಬಟ್ಟಲು, ಗಾಜಿನ ಮೇಲೆ ಇದನ್ನು ಸಿಂಪಡಿಸಬೇಕಿಲ್ಲ, ಮಣ್ಣಿಗೆ ಸಾಕು. ಗಿಡ ಬೇರೆ ಕುಂಡಗಳಲ್ಲೂ ಇದೆಯಾ ಮನೆಯಲ್ಲಿ? ತುಳಸಿ, ಕರಿಬೇವು ಕಿಟಕಿಯ ಹತ್ತಿರ ಇಟ್ಟಿರುತ್ತೀರಿ, ಅಲ್ವಾ? ಅವಕ್ಕೂ ಹಾಕಿ. ಎಷ್ಟೋ ಸಲ ನೊರಜಿನ ತವರು ಹಲ್ಲಿಯ ಪೆಟ್ಟಿಗೆಯಲ್ಲ, ಅತಿಯಾಗಿ ನೀರುಂಡ ಕರಿಬೇವಿನ ಕುಂಡ.

ಬಿಟಿಐ ಸಾಲದೆ ಹೋದರೆ ಸ್ಟೈನರ್ನೀಮ ಫೆಲ್ಟಿಯೆ ಅಂತ ಕಣ್ಣಿಗೆ ಕಾಣದ ದುಂಡುಹುಳ ಮಾರುತ್ತಾರೆ, ನೀರಿಗೆ ಕಲಸಿ ಸಂಜೆ ಹೊತ್ತು ಹಾಕುವುದು. ಅದು ನೊರಜಿನ ಮರಿಯ ಒಳಹೊಕ್ಕು ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಹಲ್ಲಿಗೆ ಏನೂ ಮಾಡದು. ಫ್ರಿಜ್‌ನಲ್ಲಿಡಬೇಕು, ತಾರೀಕು ನೋಡಿ ತರಬೇಕು. ಹುಳಗಳನ್ನು ಬೇಟೆಯಾಡುವ ಮಣ್ಣಿನ ನುಸಿಗಳನ್ನು ತಂದು ಬಿಡಿ ಅಂತಲೂ ಕೆಲವರು ಹೇಳುತ್ತಾರೆ. ಅವು ನೊರಜಿನ ಮರಿ ತಿನ್ನುತ್ತವೆ ನಿಜ, ಜೊತೆಗೆ ನಿಮ್ಮ ಸ್ಪ್ರಿಂಗ್‌ಟೇಲ್‌ಗಳನ್ನೂ ತಿನ್ನುತ್ತವೆ. ನಾನಂತೂ ಬಿಡುವುದಿಲ್ಲ. ಸ್ಪ್ರಿಂಗ್‌ಟೇಲ್ ಬೂಷ್ಟು ತಿಂದು ನೊರಜಿನ ಊಟ ಕಡಿಮೆ ಮಾಡುತ್ತದೆ. ನಿಮ್ಮಲ್ಲಿ ಇಲ್ಲದಿದ್ದರೆ ಇದೆಲ್ಲ ಮುಗಿದ ಮೇಲೆ ಒಂದು ಡಬ್ಬಿ ತಂದು ಬಿಡಿ.

ಇನ್ನು ಹಳದಿ ಕಾರ್ಡು. ನಿಮ್ಮವರಿಗೆ ಬಂದ ಯೋಚನೆ ಒಂದು ಕಾಲದಲ್ಲಿ ನನಗೂ ಬಂದಿತ್ತು. ಕೀಟಶಾಸ್ತ್ರ ಓದಿದವನು, ತಿಳಿದಿರಬೇಕಿತ್ತು. ಪೆಟ್ಟಿಗೆಯ ಮೇಲ್ಭಾಗದಲ್ಲಿ, ಹಲ್ಲಿ ಎಟುಕದಷ್ಟು ಎತ್ತರ ಅಂದುಕೊಂಡು ಒಂದು ಕಾರ್ಡ್ ಸಿಕ್ಕಿಸಿ ಮಲಗಿದೆ. ಕ್ರೆಸ್ಟೆಡ್ ಗೆಕ್ಕೊ ಹಾರುತ್ತದೆ ಅಂತ ಗೊತ್ತಿದ್ದೂ. ಬೆಳಿಗ್ಗೆ ಎದ್ದು ನೋಡಿದರೆ ಕಾರ್ಡ್ ಕೆಳಗೆ ಬಿದ್ದಿದೆ, ಅದರ ಮೇಲೆ ಹಲ್ಲಿ, ಒಂದು ಕೆನ್ನೆ, ಎರಡು ಕಾಲು, ಹೊಟ್ಟೆಯ ಒಂದು ಪಕ್ಕ ಅಂಟಿದೆ. ಪಕ್ಕದಲ್ಲಿ ಬಾಲ, ಇನ್ನೂ ಸ್ವಲ್ಪ ಅಲ್ಲಾಡುತ್ತಿತ್ತು. ಅಡುಗೆ ಎಣ್ಣೆಯಲ್ಲಿ ಹತ್ತಿ ಅದ್ದಿ, ಅಂಟಿನ ಅಂಚಿನಿಂದ ಒಳಕ್ಕೆ ಹನಿ ಹನಿ ಬಿಡುತ್ತಾ, ಒಂದೊಂದೇ ಬೆರಳು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಎಳೆದಿದ್ದರೆ ಚರ್ಮ ಕಾರ್ಡಿನಲ್ಲೇ ಉಳಿಯುತ್ತಿತ್ತು. ನಮ್ಮ ಊರ ಗೋಡೆ ಹಲ್ಲಿಗೆ ಬಾಲ ಹೋದರೆ ಮತ್ತೆ ಬರುತ್ತದೆ. ಕ್ರೆಸ್ಟೆಡ್ ಗೆಕ್ಕೊಗೆ ಬರುವುದಿಲ್ಲ, ಹೋದರೆ ಹೋಯಿತು. ಅದು ಈಗಲೂ ನಮ್ಮಲ್ಲಿದೆ, ಆರೋಗ್ಯವಾಗಿದೆ, ಮೋಟುಬಾಲ.

ಆದ್ದರಿಂದ ಕಾರ್ಡುಗಳನ್ನು ಪೆಟ್ಟಿಗೆಯ ಹೊರಗೆ, ಜಾಲರಿಯ ಮೇಲ್ಭಾಗದಿಂದ ಒಂದು ಗೇಣು ದೂರದಲ್ಲಿ, ಇನ್ನೊಂದನ್ನು ಕಿಟಕಿಯ ಹತ್ತಿರ ಕಟ್ಟಿ. ಹಲ್ಲಿಯನ್ನು ಹೊರಗೆ ಬಿಟ್ಟು ಆಡಿಸುವಾಗ ಅವನ್ನು ತೆಗೆದಿಡಿ.

ಅತ್ತೆಯವರ ಸಲಹೆಯ ವಿಷಯ. ತೋಟದಲ್ಲಿ ಬೇವಿನೆಣ್ಣೆ ಒಳ್ಳೆಯ ಮದ್ದೇ, ಅವರು ತಪ್ಪು ಹೇಳಿಲ್ಲ. ಆದರೆ ಈ ಪ್ರಾಣಿ ಕುಡಿಯುವುದು ಎಲೆ ನೆಕ್ಕಿ. ಅದಕ್ಕೆ ರೆಪ್ಪೆಯಿಲ್ಲ, ಕಣ್ಣನ್ನೂ ನಾಲಿಗೆಯಿಂದಲೇ ಒರೆಸಿಕೊಳ್ಳುತ್ತದೆ. ಎಲೆಗೆ ನೀವು ಏನು ಹೊಡೆದರೂ ಅದು ಬಾಯಿಗೆ ಹೋಗುತ್ತದೆ, ಬಾಯಿಂದ ಕಣ್ಣಿಗೆ. ಧೂಪ, ಕರ್ಪೂರ, ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ದ್ರವ, ನುಸಿಗುಳಿಗೆ, ಇವೆಲ್ಲದರ ಹೊಗೆ ಮತ್ತು ಆವಿ ಗಾಜಿನ ಪೆಟ್ಟಿಗೆಯಲ್ಲಿ ಸೇರಿಕೊಂಡರೆ ಹಲ್ಲಿಗೆ ಓಡಿಹೋಗಲು ಜಾಗವಿಲ್ಲ. ಹುಳ ಹೊಡೆಯುವ ಸ್ಪ್ರೇಗಳಂತೂ ಬೇಡವೇ ಬೇಡ. ದೇವರ ಮನೆಯ ಧೂಪ ದೇವರ ಮನೆಯಲ್ಲಿ ಇರಲಿ, ಬಾಗಿಲು ಮುಚ್ಚಿರಲಿ. ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ ಅಂತಲೂ ಕೇಳಿರಬಹುದು. ಅದು ಸಿಕ್ಕಿದ್ದನ್ನೆಲ್ಲ ಸುಡುತ್ತದೆ, ಸ್ಪ್ರಿಂಗ್‌ಟೇಲ್ ಸಮೇತ. ಹಲ್ಲಿ ಒಳಗಿರುವಾಗ ನಾನು ಒಪ್ಪುವುದಿಲ್ಲ.

ವಿನೆಗರ್‌ಗೆ ಒಂದೆರಡು ಬಿದ್ದವು ಅಂದಿರಲ್ಲ, ಅವು ಹಣ್ಣಿನ ನೊಣವೇ ಇರಬೇಕು. ಊಟದ ಬಟ್ಟಲು ನೋಡಿಕೊಳ್ಳಿ. ಹಣ್ಣಿನ ಪುಡಿ ಕಲಸಿದ ಊಟವನ್ನು ಸಂಜೆ ಇಟ್ಟು ಬೆಳಿಗ್ಗೆಯೇ ತೆಗೆದುಬಿಡಿ, ಅಂಚಿಗೆ ಒಣಗಿ ಅಂಟಿದ್ದನ್ನೂ ತೊಳೆಯಿರಿ. ಡ್ರೊಸೊಫಿಲ 25 ಡಿಗ್ರಿಯಲ್ಲಿ ಹತ್ತೇ ದಿನಕ್ಕೆ ಒಂದು ತಲೆಮಾರು ಮುಗಿಸುತ್ತದೆ. ಬಟ್ಟಲಿನಿಂದ ಮಣ್ಣಿಗೆ ಚೆಲ್ಲಿದ್ದರೆ ಆ ಮಣ್ಣನ್ನೂ ಎತ್ತಿ ಎಸೆಯಿರಿ. ಇದಕ್ಕೆ ವಿನೆಗರ್ ಬಟ್ಟಲು ಸರಿ, ಒಂದು ಹನಿ ಪಾತ್ರೆ ಸೋಪು ಬೆರೆಸಿದರೆ ನೊಣ ಮುಳುಗುತ್ತದೆ. ಅದನ್ನೂ ಪೆಟ್ಟಿಗೆಯ ಹೊರಗೇ ಇಡಿ.

ನಾಲ್ಕೈದು ವಾರ ಆದ ಮೇಲೂ ಹಾಗೇ ಇದ್ದರೆ ಎಲ್ಲ ತೆಗೆಯುವುದೇ ಸುಲಭ. ಹಲ್ಲಿಯನ್ನು ಪೇಪರ್ ಟವೆಲ್ ಹಾಸಿದ ಬೇರೆ ಡಬ್ಬಕ್ಕೆ ಹಾಕಿ. ಹಳೆಯ ನಾರಿನ ಪುಡಿ ಚೀಲಕ್ಕೆ ಕಟ್ಟಿ ಹೊರಗೆ. ಗಿಡದ ಬೇರನ್ನು ನಲ್ಲಿ ಕೆಳಗೆ ಮಣ್ಣು ಪೂರ್ತಿ ಹೋಗುವ ತನಕ ತೊಳೆಯಿರಿ. ಹೊಸ ನಾರಿನ ಇಟ್ಟಿಗೆಯನ್ನು ಕುದಿಯುವ ನೀರಿನಲ್ಲಿ ನೆನೆಸಿ, ಆರಿಸಿ, ಹಿಂಡಿ ಹಾಕಿ. ಹೊಸ ಗಿಡ ತಂದರೆ ಮೂರು ವಾರ ಬೇರೆ ಕೋಣೆಯಲ್ಲಿ ಹಳದಿ ಕಾರ್ಡ್ ಜೊತೆ ಇಡಿ. ಬಹಳಷ್ಟು ಸಲ ನೊರಜು ಮನೆಗೆ ಬರುವುದು ಅಂಗಡಿಯ ಕುಂಡದಲ್ಲೇ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ಮೈಮೇಲೆ ಗಾಯ ಇದ್ದು ಅದರ ಸುತ್ತ ನೊಣ ಕೂರುತ್ತಿದ್ದರೆ ಅವತ್ತೇ. ಗಾಯದಲ್ಲಿ ಹುಳ ಆಗಬಹುದು. ಬಾಯಿ ಅರೆ ತೆರೆದು ಉಸಿರಾಡುತ್ತಿದ್ದರೆ, ಮೂಗು–ಬಾಯಲ್ಲಿ ಗುಳ್ಳೆ ಬಂದರೆ, ಹೊಟ್ಟೆಯ ಕಡೆ ಚರ್ಮ ಕೆಂಪಾಗಿ ಸುಲಿದರೂ ಹೋಗಿ. ಸರೀಸೃಪ ನೋಡುವ ಪಶುವೈದ್ಯರೇ ಬೇಕು, ನಾಯಿ–ಬೆಕ್ಕಿನವರು ಅಂದಾಜಿನಲ್ಲಿ ಮದ್ದು ಕೊಡುತ್ತಾರೆ.

ಪ್ರತಿ ಭಾನುವಾರ ಕಾರ್ಡ್ ಬದಲಿಸಿ, ಹಳೆಯದರ ಮೇಲೆ ಎಷ್ಟು ಬಿದ್ದಿವೆ ಅಂತ ಮಗಳಿಂದ ಬರೆಸಿ. ಮೊದಲ ಎರಡು ಭಾನುವಾರ ಸಂಖ್ಯೆ ಇಳಿಯದಿರಬಹುದು, ಏರಲೂಬಹುದು. ಗೂಡಿನಲ್ಲಿದ್ದವು ಆಚೆ ಬರುತ್ತಿವೆ, ಅಷ್ಟೆ. ಆಗ ಅತ್ತೆ 'ನಾನು ಮೊದಲೇ ಹೇಳಿದ್ದೆ' ಅಂದರೂ ಧೂಪ ಹಾಕಬೇಡಿ. ಮೂರನೇ ಭಾನುವಾರದ ಲೆಕ್ಕ ಮತ್ತು ಬಿಳಿ ಹಾಳೆಯ ಮೇಲಿನ ನೊಣದ ಒಂದು ಫೋಟೊ ನನಗೆ ಕಳಿಸಿ.